ತೊಂಬತ್ತು ಡಿಗ್ರಿಯ ಮೂಲೆಗಳು

ಕೊಂಡಪ್ಪ ಮಾವನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಹೋಗಿ ವರ್ಷವಾಯಿತು, ನಾನು ಮಣ್ಣಿಗೂ ಬರಲಿಲ್ಲ.

ಇವತ್ತು ಬೂದಿಕೋಟೆ ಕಡೆಯ ಡೇರಿಯೊಂದರಿಂದ ಹಾಲಿನ ತೂಕದ ಯಂತ್ರ ಕೆಜಿಎಫ್‌ನ ನನ್ನ ಅಂಗಡಿಗೆ ರಿಪೇರಿಗೆ ಬಂತು. ಬಿಚ್ಚಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ನಿಮ್ಮ ಹೆಸರು, ಇಪ್ಪತ್ತೆರಡು ವರ್ಷದ ಹಿಂದಿನ ಇಸವಿ. ತಾಮ್ರದ ಗೆರೆ ತಿರುಗುವ ಕಡೆಯೆಲ್ಲ ನೆಟ್ಟಗೆ ತೊಂಬತ್ತು ಡಿಗ್ರಿ. ಒಂದು ಮೂಲೆಯನ್ನೂ ನೀವು ಓರೆ ಮಾಡಿರಲಿಲ್ಲ.

ಅದೇ ಕಾಲಕ್ಕೆ ನಿಮ್ಮ ಬಳಿ ಕೆಲಸ ಕಲಿಯುತ್ತಾ ನಾನು ಮಾಡಿದ ಮೊದಲ ಬೋರ್ಡಿನಲ್ಲಿ ಅಂಥ ಮೂಲೆ ಒಂದೇ ಒಂದಿತ್ತು. ಬಂಗಾರಪೇಟೆಯ ನಿಮ್ಮ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, ಅದನ್ನು ಮೊಣಕಾಲಿಗೆ ಬಡಿದು ಮುರಿದಿರಿ. "ಕರೆಂಟು ಓಗೋ ದಾರಿ ಕಣೇ ಇದು, ಗೋಡೆ ಅಲ್ಲ. ನಲವತ್ತೈದು ಡಿಗ್ರೀಲಿ ತಿರುಗ್ಸಕ್ಕೆ ಬರ್ದೇ ಓದ್ರೆ ಮನೇಗೋಗಿ ರಾಗಿ ಬೀಸು" ಎಂದಿರಿ. ಹೋದೆ. ಮತ್ತೆ ನಿಮ್ಮ ಹೊಸ್ತಿಲು ತುಳಿಯಲಿಲ್ಲ.

ಇಂಥ ಬೋರ್ಡುಗಳಲ್ಲಿ ಹರಿಯುವ ನಿಧಾನದ ಸಿಗ್ನಲ್‌ಗೆ ಮೂಲೆ ನೆಟ್ಟಗಿದ್ದರೂ ಓರೆಯಿದ್ದರೂ ಒಂದೇ. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಮುರಿದಿರಿ.

ಯಂತ್ರದಲ್ಲಿ ಕೆಟ್ಟಿದ್ದದ್ದು ಬೆಸುಗೆ ಬಿಟ್ಟ ಒಂದು ವೈರು, ಅಷ್ಟೇ. ಡೇರಿಯ ಆದಿಲಕ್ಷ್ಮಿ, "ಬೋರ್ಡು ಬಲೇ ಗಟ್ಟಿ ಕಣಕ್ಕ, ಇಂಥದ್ದೇ ಇನ್ನೊಂದು ಮಾಡ್ಕೊಡು" ಎಂದಳು. ನಿಮ್ಮದನ್ನು ಪಕ್ಕದಲ್ಲಿಟ್ಟುಕೊಂಡು, ಗೆರೆ ಗೆರೆಯನ್ನೂ ಹಾಗೆಯೇ ಎಳೆದು ನಿಮ್ಮ ಸುಳ್ಳನ್ನು ಊರಿಗೆಲ್ಲ ತೋರಿಸುತ್ತೇನೆಂದು ಹಟ ಹಿಡಿದು ಕಂಪ್ಯೂಟರಿನ ಮುಂದೆ ಕೂತೆ. ಮುಗಿಸಿ ನೋಡಿದರೆ ಪ್ರತಿ ಮೂಲೆಯೂ ನಲವತ್ತೈದು ಡಿಗ್ರಿ. ಕೈ ನನ್ನ ಮಾತು ಕೇಳಲಿಲ್ಲ.

ಇದನ್ನೂ ನಾನು ಕ್ಷಮಿಸುವುದಿಲ್ಲ, ಮಾವ.

ನಿಮ್ಮ ಅಕ್ಕನ ಮಗಳು,
ವನಜ