ಅಪ್ಪನ ಪುಟಕ್ಕೆ ಬಂದ ದೂರು

ಅಪ್ಪಾ,

ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ನಮ್ಮಲ್ಲಿ, ಮಕ್ಕಳ ಆಹಾರದ ಬಗ್ಗೆ ನೀವು ಬರೆದ ಪುಟಕ್ಕೆ ಕೈಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದವರಿಗೆ ನೀವು ದೊಡ್ಡ ಡಾಕ್ಟರು, ನನಗೆ ಅಪ್ಪ. ನಿನ್ನೆ ಅದರ ಮೇಲೊಂದು ದೂರು ಬಂತು: ‘ವರ್ಷ ತುಂಬೋ ತನಕ ಮೊಟ್ಟೆ ಬೇಡ ಅನ್ನೋದು ಹಳೇ ಮಾತು. ಈಗ ಆರು ತಿಂಗಳಾದ ಮೇಲೆ ಚೆನ್ನಾಗಿ ಬೇಯಿಸಿ ಕೊಡಬಹುದು ಅಂತಾರೆ. ಬರೆದವನು ನಿದ್ದೆ ಮಾಡ್ತಿದ್ದಾನಾ?’ ಹೆಸರಿನ ಜಾಗದಲ್ಲಿ ‘ಒಬ್ಬ ಅಜ್ಜ’ ಎಂದಿತ್ತು. ಫೋನ್ ನಂಬರು ಮಾತ್ರ ಅಮ್ಮನದು.

ಪುಟ ತಿದ್ದಿದ್ದೇನೆ. ಕನ್ನಡಕ ಹಾಕಿಕೊಂಡೇ ಓದಿ, ಇನ್ನೇನಾದರೂ ಉಳಿದಿದ್ದರೆ ಬೈದು ಬರೆಯಿರಿ. ಕೊನೆಯಲ್ಲಿ ‘ಬರೆದವರು’ ಎಂದು ನಿಮ್ಮ ಹೆಸರಿದೆ; ‘ತಪ್ಪು ತೋರಿಸಿದವರು’ ಎಂದೂ ನಿಮ್ಮದನ್ನೇ ಹಾಕಿದೆ.

“ಎರಡೂ ಕಡೆ ಒಂದೇ ಹೆಸರಾ?” ಎಂದರು ನಮ್ಮ ಮೇಲಧಿಕಾರಿ.

“ಹೌದು ಸರ್, ನಮ್ಮಪ್ಪ” ಎಂದೆ.

ನಿಮ್ಮ ಮಗಳು