ಅಳಿಸಬಾರದ ಅಂಕಿ

ಕೋಟನೂರ, ಕಲಬುರಗಿ
೧೪ ಆಗಸ್ಟ್ ೨೦೨೪

ಪ್ರೀತಿಯ ವಿವೇಕಣ್ಣ,

ಹೇಗಿದ್ದೀಯ? ಜೈಲಿನ ಊಟ ಹೊಟ್ಟೆಗೆ ಒಗ್ಗಿತೇ? ಶೇಂಗಾ ಹಿಂಡಿಯಿಲ್ಲದೆ ತುತ್ತು ಎತ್ತದವನು ನೀನು. ಅವ್ವ ಈಗ ನನ್ನ ಬಾಡಿಗೆ ಕೋಣೆಯಲ್ಲೇ ಇದ್ದಾಳೆ. ಕಮಲಾಪುರದಲ್ಲಿ ಇರುವ ಹಾಗಿಲ್ಲ. ಚಿಕ್ಕಪ್ಪನ ಕಡೆಯವರು ಕೊಡಲಿ ತಂದು ನಮ್ಮ ಕೆಂಬಾಳೆಯನ್ನೆಲ್ಲ ಗೊನೆ ಸಮೇತ ಕಡಿದರು, ಅಡ್ಡ ಹೋದ ಅವ್ವನ ಮುಂಗೈ ಮುರಿದರು. ಸುಳ್ಳೇಕೆ ಹೇಳಲಿ, ನನಗೂ ಅವರನ್ನು ಕಡಿಯಬೇಕೆನಿಸಿತು.

"ಇಲಿ ತಲಿ ನೋಡೋ ನೌಕರಿ" ಎಂದು ನನ್ನ ಪ್ರಯೋಗಾಲಯದ ಕೆಲಸವನ್ನು ಗೇಲಿ ಮಾಡುತ್ತಿದ್ದೆಯಲ್ಲ, ಈಗ ಕೇಳು. ಮಿದುಳಿಗೂ ಕಾವಲು ಕೋಶಗಳಿವೆ. ಪೆಟ್ಟು ಬಿದ್ದರೆ ಅವು ಕೆರಳಿ ಓಡಿಬರುತ್ತವೆ. ಇಲಿಯ ಆ ಕೋಶಗಳೊಳಗೆ ನಾವು ಹೊಳೆಯುವ ಒಂದು ಪ್ರೋಟೀನ್ ಇಟ್ಟಿರುತ್ತೇವೆ. ಕೆರಳಿದ ಕೋಶದ ಕಿಣ್ವ ಅದನ್ನು ಕತ್ತರಿಸಿದಾಗ ಹಳದಿ ಬೆಳಕು ನೀಲಿಗೆ ತಿರುಗುತ್ತದೆ. ಎಷ್ಟು ನೀಲಿಯೋ ಅಷ್ಟು ಸಿಟ್ಟು ಎಂದು ಅಳೆಯುತ್ತೇವೆ. ಸಿಟ್ಟು ಇಳಿಯದಿದ್ದರೆ ಕಾಯಬೇಕಾದ ಕೋಶವೇ ಪಕ್ಕದ ಒಳ್ಳೆಯ ಕೋಶಗಳನ್ನು ತಿನ್ನುತ್ತದೆ. ಈ ಅಂಕಿಗಳನ್ನು ಪೆನ್ನಿನಲ್ಲೇ ಬರೆಯಬೇಕು, ಅಳಿಸುವಂತಿಲ್ಲ. ತಪ್ಪಿದರೆ ಒಂದೇ ಗೆರೆ ಹೊಡೆದು, ತಪ್ಪೂ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಬೇಕು.

ನಿನ್ನೆ ವಿಶ್ವಾಸನನ್ನು ಆಸ್ಪತ್ರೆಯಲ್ಲಿ ನೋಡಿದೆ. ಚಿಕ್ಕಪ್ಪನ ಮಗನೆಂದು ನಾವಿಬ್ಬರೂ ಎತ್ತಿ ಆಡಿಸಿದವನು. ತಲೆಯ ಒಂದು ಬದಿ ಒಳಗೆ ಕುಸಿದಿದೆ. ಹೆಂಡತಿಯ ಗುರುತಿಲ್ಲ. "ಪಾಳಿ ನಿಮ್ದೇ ಅದ ಅಕ್ಕಾ, ನೀರು ಬಿಡಾಕತ್ತೀನಿ" ಎಂಬ ಒಂದೇ ಮಾತು ಮತ್ತೆ ಮತ್ತೆ. ಆ ದಿನವೂ ಅದನ್ನೇ ಹೇಳುತ್ತ ನಮ್ಮ ಬಾಳೆಗೆ ನೀರು ತಿರುಗಿಸಲು ಬಗ್ಗಿದ್ದ. ನೀರು ಕದಿಯುತ್ತಿದ್ದಾನೆಂದು ನೀನು ಹಾರೆ ಎತ್ತಿದೆ. ನಾನು ಬುತ್ತಿ ಬಿಸಾಡಿ ಓಡಿಬಂದೆ. ಅವನ ರಕ್ತ ನನ್ನ ಚಪ್ಪಲಿಯೊಳಗೆ ಇಳಿದು ಕಾಲು ಜಾರುತ್ತಿತ್ತು, ನಿನ್ನ ತೋಳು ಹಿಡಿಯಲು ಆಗಲಿಲ್ಲ. "ನಿಮ್ಮಣ್ಣನ ಜೀವ ನಿನ್ನ ಬಾಯಾಗ ಅದ" ಎಂದು ಪೊಲೀಸರು ಬರುವ ಮೊದಲೇ ಅವ್ವ ನನ್ನ ಕಾಲಿಗೆ ಬಿದ್ದಳು. ವಿಶ್ವಾಸನೇ ಮೊದಲು ಕೈ ಮಾಡಿದ, ಅಣ್ಣ ಒಂದೇ ಏಟು ಹೊಡೆದ ಎಂದು ಪೊಲೀಸರಿಗೆ ಹೇಳಿದೆ.

ಊಟ ಬಿಡಬೇಡ. ಬಿಪಿ ಗುಳಿಗೆ ತಪ್ಪಿಸಬೇಡ. ಅವ್ವ ಮುರಿದ ಕೈಯಲ್ಲೇ ನಿನ್ನ ಪಟದ ತಲೆ ಸವರಿ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಂಗಿ,
ಶೀಲಾ

ತಾ.ಕ.: ಸೋಮವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ಇದನ್ನು ಜೈಲಿನವರು ಮೊದಲು ಓದುತ್ತಾರೆ, ಓದಲಿ. ಪೊಲೀಸರಿಗೆ 'ಒಂದು' ಎಂದದ್ದರ ಮೇಲೆ ಗೆರೆ ಹೊಡೆಯುತ್ತೇನೆ. ಮೂರು ಏಟು, ಅಣ್ಣ. ಎರಡು ಅವನು ಬಿದ್ದ ಮೇಲೆ. ಅವ್ವನಿಗೆ ಇನ್ನೂ ಹೇಳಿಲ್ಲ.