ಕಾಲು ಜಾರಲಿಲ್ಲ

ಚೌಳಹಿರಿಯೂರು
೧೪ ಆಗಸ್ಟ್ ೨೦೨೫

ಮನೆಯವರಿಗೆ ನಾಗವೇಣಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ. ನಾಲ್ಕು ದಿನದಿಂದ ನಿಮ್ಮ ಫೋನು ಎತ್ತಿಲ್ಲ. ಎತ್ತಿದರೆ ಬೈದು ಇಟ್ಟುಬಿಡುತ್ತೇನೆ, ನೀವು ಅದನ್ನೇ ನೆಪ ಮಾಡಿಕೊಂಡು ಸುಮ್ಮನಾಗುತ್ತೀರಿ. ಅದಕ್ಕೇ ಈ ಕಾಗದ. ಪೂರ್ತಿ ಓದಿ.

ತೊಂಬತ್ತೊಂಬತ್ತರ ಯುದ್ಧದಲ್ಲಿ ನಿಮ್ಮ ಬೆಟಾಲಿಯನ್ ಏನೇನು ಮಾಡಿತು ಅಂತ ಪುಸ್ತಕ ಬಂದಿದೆ, ಅದರಲ್ಲಿ ನಮ್ಮ ಕಡೆಯವರ ಹೆಸರಿದೆ ಅಂತ ಮಾಜಿ ಸೈನಿಕರೆಲ್ಲ ಸೇರಿ ಭಾನುವಾರ ಅಜ್ಜಂಪುರದಲ್ಲಿ ನಿಮಗೆ ಸನ್ಮಾನ ಇಟ್ಟರು. ಅದೇ ಯುದ್ಧದಲ್ಲಿ ಸತ್ತ ಸಿಪಾಯಿಯ ತಾಯಿ ಅಂತ ನನ್ನ ಅವ್ವನನ್ನೂ ಕಾರು ಕಳಿಸಿ ಕರೆಸಿದರು. ಎಂಬತ್ತೆರಡು ವರ್ಷದ ತಿಪ್ಪಮ್ಮ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆ ನಡೆಸುತ್ತಿದ್ದ ಯೋಗಾನಂದ ಅವರು ಪುಸ್ತಕದ ಆ ಪುಟವನ್ನು ಕನ್ನಡ ಮಾಡಿ ಓದಿದರು. ನಾಯಕ್ ಸತೀಶ್, ಅಂದರೆ ನೀವು, ತೊಡೆಗೆ ಗುಂಡು ಬಿದ್ದರೂ ಒಬ್ಬರೇ ತೆವಳಿಕೊಂಡು ಗುಡ್ಡ ಇಳಿದು, ಶತ್ರುಗಳ ಬಂಕರ್ ಎಲ್ಲಿದೆ ಎಂದು ಸುದ್ದಿ ಮುಟ್ಟಿಸಿದರಂತೆ. ಸಿಪಾಯಿ ತಿಪ್ಪೇಶ್ ಹತ್ತುವಾಗ ಕಾಲು ಜಾರಿ ಕಮರಿಗೆ ಬಿದ್ದರಂತೆ.

ಅವ್ವ ಎದ್ದು ನಿಂತಳು. "ಏನಪ್ಪಾ ಸತೀಶ, ನನ್ ಮಗ ಕಾಲ್ ಜಾರಿ ಸತ್ನಾ? ಹೊಡೆದಾಡ್ತಾ ಸತ್ತ ಅಂದಿದ್ರಲ್ಲ?"

ಮೈಕು ನಿಮ್ಮ ಕೈಯಲ್ಲೇ ಇತ್ತು. "ಮಂಜು ಕಣತ್ತೆ, ದಾರಿ ಕಾಣ್ಲಿಲ್ಲ ಅವನಿಗೆ" ಅಂದಿರಿ.

ಜನ ಅಯ್ಯೋ ಅಂದರು. ನನ್ನ ಮೈ ಹತ್ತಿ ಉರಿಯಿತು. ಅವ್ವನ ಕೈ ಹಿಡಿದು ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಒಂದೇ ಮಾತು: "ಚಿಕ್ಕಂದಿನಲ್ಲಿ ಎಂಥಾ ಮರ ಹತ್ತೋನು ಕಣೇ, ಎಂಗ್ ಜಾರ್ದ?"

ರೀ, ನಮ್ಮ ಮದುವೆಗೆ ಮುಂಚೆ ಕಡೂರು ಸ್ಟೇಷನ್ನಿನಲ್ಲಿ ಕೂತು ನೀವು ನನಗೆ ಏನು ಹೇಳಿದ್ದಿರಿ? "ನಾಗು, ಗುಂಡು ಬಿದ್ದಾಗ ನಾನು ಅತ್ತುಬಿಟ್ಟೆ. ನಿಮ್ಮಣ್ಣ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದ. ಇನ್ನೊಬ್ಬ ಗಾಯ ಆಗಿ ಮೇಲೇ ಬಿದ್ದಿದ್ದ. ಬೇಡ ಕಣೋ ಅಂದೆ. ಇರು, ಬತ್ತೀನಿ ಅಂತ ಮತ್ತೆ ಹತ್ತಿದ." ಆ ಗಾಯಾಳುವನ್ನು ಎತ್ತಿಕೊಂಡು ನಿಂತಾಗಲೇ ಇಬ್ಬರಿಗೂ ಗುಂಡು ಬಿತ್ತು, ಕೆಳಗಿನಿಂದ ನೋಡಿದೆ ಅಂತ ನನ್ನೆದುರು ಅತ್ತಿರಿ. ಅಷ್ಟು ನಿಜ ಹೇಳುವ ಗಂಡಸು ಅಂತಲೇ ನಾನು ಒಪ್ಪಿದ್ದು.

ತರೀಕೆರೆ ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತ ನಿಮ್ಮನ್ನು ಜನ ಕುಂಟ ಅಂದಿದ್ದು ಗೊತ್ತು. ನಿಮಗೆ ಎಷ್ಟು ನೋವಾಗಿತ್ತು ಅಂತಲೂ ಗೊತ್ತು. ದೊಡ್ಡವರಾಗಬೇಕು ಅನ್ನಿಸಿದ್ದರೆ ಆಗಿ, ಯಾರು ಬೇಡ ಅಂದರು? ಅದಕ್ಕೆ ಅಣ್ಣನನ್ನು ಕಮರಿಗೆ ತಳ್ಳಬೇಕಿತ್ತಾ? ವೈರಿಯ ಗುಂಡಿಗೆ ಅವನು ಸತ್ತಿದ್ದು ಒಂದು ಸಲ. ನೀವು ಅವನ ತಾಯಿಯ ಎದುರಿಗೇ ಇನ್ನೊಂದು ಸಲ ಸಾಯಿಸಿದಿರಿ, ಅದೂ ಹಾರ ಹಾಕಿಸಿಕೊಂಡು.

ಪುಸ್ತಕ ಬರೆದ ಕರ್ನಲ್ ಸಾಹೇಬರಿಗೆ ನಾನೇ ಫೋನು ಮಾಡಿದೆ. ಧನುಶ್ರೀ ಪಕ್ಕದಲ್ಲಿದ್ದು ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪನ ಸುಳ್ಳನ್ನು ಮಗಳ ಬಾಯಲ್ಲಿ ಹೇಳಿಸಬೇಕಾಯಿತು. ಆ ಜಾಗದಲ್ಲಿದ್ದು ಬದುಕಿ ಬಂದವರು ಸತೀಶ್ ಒಬ್ಬರೇ, ಅವರು ಹೇಳಿದ್ದನ್ನೇ ಬರೆದೆವು, ಅವರೇ ಸಹಿ ಮಾಡಿ ಬರೆದುಕೊಟ್ಟರೆ ತಿದ್ದಿ ಅಚ್ಚು ಹಾಕಿಸುತ್ತೇವೆ ಅಂದರು.

ಜೊತೆಗೆ ಬಿಳಿ ಹಾಳೆ, ಅವರ ವಿಳಾಸ ಬರೆದ ಕವರು ಇಟ್ಟಿದ್ದೇನೆ. ಬರೆಯಿರಿ. ಆಮೇಲೆ ಚೌಳಹಿರಿಯೂರಿಗೆ ಬಂದು ಅವ್ವನ ಎದುರು ಕೂತು ಬಾಯಿಬಿಟ್ಟು ಹೇಳಿ. ಅಲ್ಲಿಯವರೆಗೆ ತರೀಕೆರೆ ಮನೆಗೆ ನಾನು ಬರುವುದಿಲ್ಲ.

ಇಂತಿ,
ತಿಪ್ಪೇಶನ ತಂಗಿ
ನಾಗವೇಣಿ

ಮರೆತ ಮಾತು: ಮದುವೆ ಗೊತ್ತಾದಾಗ ಅವ್ವ ನನ್ನನ್ನು ಒಬ್ಬಳನ್ನೇ ಕರೆದು, ಇವನನ್ನು ಉಳಿಸೋಕೆ ಹೋಗಿ ನನ್ನ ಮಗ ಸತ್ತನೇನೇ ಅಂತ ಕೇಳಿದ್ದಳು. ಹೌದು ಅಂದರೆ ನನ್ನನ್ನು ನಿಮಗೆ ಕೊಡುತ್ತಿರಲಿಲ್ಲ. ಅಣ್ಣ ಸತ್ತಿದ್ದಕ್ಕೂ ನಿಮಗೂ ಸಂಬಂಧವಿಲ್ಲ, ಇಬ್ಬರೂ ಬೇರೆ ಬೇರೆ ಕಡೆ ಇದ್ದರು ಅಂದೆ. ಈ ಸುಳ್ಳು ಮೊದಲು ಹೇಳಿದವಳು ನಾನೇ. ನಿನ್ನೆ ಬೆಳಿಗ್ಗೆ ಅವಳಿಗೆ ಎಲ್ಲಾ ಹೇಳಿದೆ. ಆಗಿನಿಂದ ಅವ್ವ ನನ್ನ ಕೈಯಿಂದ ನೀರೂ ಇಸಿದುಕೊಂಡಿಲ್ಲ.